ಟ್ರ್ಯಾಕರ್ ಲೈವ್ ಅಂತಿತ್ತು, ಹುಡುಗಿ ಅಲ್ಲಿರ್ಲಿಲ್ಲ

ನಮಸ್ಕಾರ ಸರ್,

ಚಿಕ್ಕಮಗಳೂರಿಂದ ಬರೀತಿದ್ದೀನಿ. ಹೋದ ಭಾನುವಾರ ನಮ್ಮ ರನ್ನಿಂಗ್ ಕ್ಲಬ್‌ನವ್ರು ಮುಳ್ಳಯ್ಯನಗಿರಿ ಕೆಳಗಿನ ಎಸ್ಟೇಟ್ ದಾರೀಲಿ 21 ಕಿಲೋಮೀಟರ್ ಓಟ ಇಟ್ಕೊಂಡಿದ್ವಿ, ಅದಕ್ಕೆ ನಿಮ್ಮ ಹತ್ರ 38 ಲೋರಾ ಟ್ರ್ಯಾಕರ್ (ಮೊಬೈಲ್ ನೆಟ್‌ವರ್ಕ್ ಇಲ್ದೆ, ರೇಡಿಯೋಲಿ ಓಡೋರು ಎಲ್ಲಿದ್ದಾರೆ ಅಂತ ದೂರಕ್ಕೆ ಕಳ್ಸೋವು), ಅವನ್ನ ಹಿಡಿಯೋ ಒಂದು ರಿಸೀವರ್ ಬಾಡಿಗೆಗೆ ತಗೊಂಡಿದ್ವಿ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಮಂಜು, ಮರ, ಗುಡ್ಡದ ಅಡ್ಡ ಎಲ್ಲಾ ಇದೆ ಅಂತ ಫೋನಲ್ಲೇ ಹೇಳಿದ್ದೆ. ಸಿಮ್ಮೇ ಬೇಡ ಸರ್, ಐದು ಕಿಲೋಮೀಟರ್ ಆರಾಮಾಗಿ ಬರುತ್ತೆ ಅಂದ್ರು ನಿಮ್ಮ ಸೇಲ್ಸ್‌ನವ್ರು.

ಪಿಯುಸಿ ಓದೋ ಒಂದು ಹುಡುಗಿ 11ನೇ ಕಿಲೋಮೀಟರ್ ಹತ್ರ ಇದ್ದಾಳೆ ಅಂತ ಮ್ಯಾಪಲ್ಲಿ ಹಸಿರು ಚುಕ್ಕೆ ಮಿನುಗ್ತಾನೇ ಇತ್ತು, ಪಕ್ಕದಲ್ಲಿ ಲೈವ್ ಅಂತ ಬೇರೆ. ಸುಸ್ತಾಗಿ ಕೂತಿರ್ಬೇಕು ಅಂದ್ಕೊಂಡು ಇಬ್ರು ಹುಡುಗರನ್ನ ಅಲ್ಲಿಗೇ ಓಡಿಸಿದ್ವಿ, ಹೋಗಿ ನೋಡಿದ್ರೆ ಯಾರೂ ಇಲ್ಲ. ಅವಳ ಅಪ್ಪ ನನ್ನ ಪಕ್ಕ ನಿಂತ್ಕೊಂಡು ಲ್ಯಾಪ್‌ಟಾಪ್ ಮೇಲೆ ಬೆರಳಿಟ್ಟು "ಇಲ್ಲೇ ತೋರಿಸ್ತಿದೆಯಲ್ಲ ಸಾರ್, ಇಲ್ಲೇ ಇದ್ದಾಳಲ್ಲ" ಅಂತ ಕೇಳ್ತಾನೇ ಇದ್ರು, ನನ್ನ ಬಾಯಿಂದ ಮಾತೇ ಬರ್ಲಿಲ್ಲ. ತಿರುವು ತಪ್ಪಿ ಗುಡ್ಡದ ಆಚೆ ಇಳಿದುಬಿಟ್ಟಿದ್ಲು. ಒಂದೂಕಾಲು ಗಂಟೆ ಆದ್ಮೇಲೆ ತೋಟದ ಕೆಲಸದವ್ರು ಜೀಪಲ್ಲಿ ಕರ್ಕೊಂಡು ಬಂದ್ರು, ಕಾಲೆಲ್ಲ ಉಂಬಳ ಕಚ್ಚಿ ರಕ್ತ, ಸೊಂಟದಲ್ಲಿ ನಿಮ್ಮ ಟ್ರ್ಯಾಕರ್ ಲೈಟು ಇನ್ನೂ ಮಿಣಮಿಣ ಅಂತಿತ್ತು.

ಆಮೇಲೆ ಮೆಸೇಜ್ ಬಂದ ಟೈಮ್ ಇರೋ ಫೈಲ್ ತೆಗ್ದು ನೋಡಿದ್ವಿ. ಅವಳ ಕೊನೆ ಮೆಸೇಜ್ ಬಂದಿದ್ದು 8:52ಕ್ಕೆ, ನಾವು ಹುಡುಕೋಕೆ ಶುರು ಮಾಡಿದ್ದು 9:30ಕ್ಕೆ. ಅಷ್ಟು ಹೊತ್ತೂ ಹಳೇ ಜಾಗವನ್ನೇ ಲೈವ್ ಅಂತ ತೋರಿಸಿದೆ. 865 ಮೆಗಾಹರ್ಟ್ಸ್ ರೇಡಿಯೋ ಗುಡ್ಡ ತೂರ್ಕೊಂಡು ಬರಲ್ಲ, ಅದು ನಮ್ಗೂ ಗೊತ್ತು, ಅದಕ್ಕೆ ನಿಮ್ಮನ್ನ ಬೈಯಲ್ಲ. ಆದ್ರೆ ಸಿಗ್ನಲ್ ಹೋಗಿ ಎಷ್ಟು ಹೊತ್ತಾಯ್ತು ಅಂತ ಒಂದು ಟೈಮ್ ತೋರಿಸಿದ್ರೆ ನಾವು ಒಂಬತ್ತಕ್ಕೇ ಹೊರಡ್ತಿದ್ವಿ ಸರ್.

ಇನ್ನೊಂದು ವಿಷ್ಯ. ಕ್ಲಬ್‌ನಲ್ಲಿ ಎಲೆಕ್ಟ್ರಾನಿಕ್ಸ್ ಗೊತ್ತಿರೋ ಹುಡುಗ ಸೆಟಿಂಗ್ಸ್ ತೆಗ್ದು ನೋಡ್ದ. ಎಲ್ಲಾ ಟ್ರ್ಯಾಕರೂ ಒಂದೇ ಚಾನೆಲ್, ಸ್ಪ್ರೆಡಿಂಗ್ ಫ್ಯಾಕ್ಟರ್ 12 (ಇದನ್ನ ಏರಿಸಿದಷ್ಟೂ ಸಿಗ್ನಲ್ ದೂರ ಹೋಗುತ್ತೆ, ಆದ್ರೆ ಕಳ್ಸೋದು ನಿಧಾನ), ಹತ್ತು ಸೆಕೆಂಡಿಗೊಂದು ಮೆಸೇಜ್. ಆ ಸೆಟಿಂಗಲ್ಲಿ 20 ಬೈಟಿನ ಒಂದು ಚಿಕ್ಕ ಮೆಸೇಜ್ ಕಳ್ಸೋಕೇ ಸುಮಾರು 1.3 ಸೆಕೆಂಡ್ ಬೇಕು, 38 ಜನಕ್ಕೆ 49 ಸೆಕೆಂಡ್ ಆಯ್ತು, ಹತ್ತು ಸೆಕೆಂಡಲ್ಲಿ ಅದೆಲ್ಲಿ ಹಿಡಿಯುತ್ತೆ? ಒಂದರ ಮೇಲೊಂದು ಬಿದ್ದು ಎಲ್ಲಾ ಹಾಳು. ಗುಡ್ಡದ ಈಚೆ, ಕಣ್ಣಿಗೆ ಕಾಣೋ ಅಷ್ಟು ಹತ್ರ ಓಡ್ತಿದ್ದವ್ರ ಚುಕ್ಕೆನೂ ಅದಕ್ಕೇ ನಿಂತು ನಿಂತು ಹೋಗ್ತಿತ್ತು. ಫ್ಯಾಕ್ಟರ್ ಇಳಿಸಿ ನಿಮಿಷಕ್ಕೊಂದ್ಸಲ ಕಳ್ಸಿ, ದೂರ ಕಮ್ಮಿಯಾದ್ರೆ ಗುಡ್ಡದ ಮೇಲೆ ಇನ್ನೊಂದು ರಿಸೀವರ್ ಇಡಿ. ಸಿಗ್ನಲ್ ಇಲ್ದಾಗ ಜಿಪಿಎಸ್ ಜಾಗಗಳನ್ನ ಟ್ರ್ಯಾಕರಲ್ಲೇ ಉಳಿಸ್ಕೊಂಡು ಆಮೇಲೆ ಕಳ್ಸೋ ಹಾಗೂ ಮಾಡ್ಬೋದಿತ್ತು.

ಸೋಮವಾರ ನಿಮ್ಮ ಸಪೋರ್ಟ್‌ಗೆ ಫೋನ್ ಮಾಡಿದ್ರೆ ಬ್ಯಾಟರಿ ಚಾರ್ಜ್ ಮಾಡಿದ್ರಾ ಅಂತ ಕೇಳಿ ಇಟ್ಬಿಟ್ರು. ತುಂಬಾ ಬೇಜಾರಾಯ್ತು.

ಬಾಡಿಗೆ ಪೂರ್ತಿ ವಾಪಸ್ ಕೊಡಿ, ಏನ್ ಸರಿ ಮಾಡ್ತೀರಿ ಅನ್ನೋದನ್ನ ಒಂದು ವಾರದಲ್ಲಿ ಬರವಣಿಗೇಲಿ ತಿಳಿಸಿ. ಮುಂದಿನ ತಿಂಗಳು ಸಕಲೇಶಪುರದ ಕಡೆ ಒಂದು ಸೈಕಲ್ ರೇಸಿಗೆ ಇದೇ ಸೆಟ್ ಕೊಡ್ತಿದ್ದೀರಂತೆ. ಆ ಲೈವ್ ಅನ್ನೋದನ್ನ ಸರಿ ಮಾಡೋ ತನಕ ದಯವಿಟ್ಟು ಅವ್ರಿಗೆ ಕೊಡ್ಬೇಡಿ.

ಇಂತಿ,
ಕ್ಲಬ್ ಕೋಚ್, ಚಿಕ್ಕಮಗಳೂರು