ಭಾನುವಾರದ ಓದು: ಅರ್ಕಮ್ ಹೌಸ್ ಕಥೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ನಮ್ಮ ಮನೆ.

ಈ ಸಲ ಪುಸ್ತಕದ ಬಗ್ಗೆ ಅಲ್ಲ, ಪುಸ್ತಕ ಮಾಡಿದವರ ಬಗ್ಗೆ ಮಾತು. ವಿಚಿತ್ರ, ಭಯಾನಕ ಕಥೆಗಳನ್ನೇ ನಂಬಿಕೊಂಡು ನಡೆದ ಅಮೆರಿಕದ ಪುಟ್ಟ ಪ್ರಕಾಶನ ಅರ್ಕಮ್ ಹೌಸ್. ಭಯಾನಕ ಕಥೆಗಳನ್ನು ಬರೆಯುತ್ತಿದ್ದ ಅಮೆರಿಕದ ಲೇಖಕ ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡಾಗ ಅವರ ಕಥೆಗಳು ಹೆಚ್ಚಾಗಿ ಅಗ್ಗದ ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ದೊಡ್ಡ ಪ್ರಕಾಶಕರು ಬೇಡ ಅಂದರು. ಅವರ ಗೆಳೆಯರಾದ ಆಗಸ್ಟ್ ಡರ್ಲೆತ್, ಡೊನಾಲ್ಡ್ ವಾಂಡ್ರೈ ಇಬ್ಬರೂ ಸುಮ್ನೆ ಕೂರಲಿಲ್ಲ. 1939ರಲ್ಲಿ ವಿಸ್ಕಾನ್ಸಿನ್‌ನ ಸಾಕ್ ಸಿಟಿ ಅನ್ನೋ ಸಣ್ಣ ಊರಲ್ಲಿ ತಾವೇ ಪ್ರಕಾಶನ ಶುರು ಮಾಡಿದರು. ಮೊದಲ ಪುಸ್ತಕ ಲವ್‌ಕ್ರಾಫ್ಟ್ ಕಥೆಗಳದ್ದೇ, 550 ಪುಟಕ್ಕೂ ಜಾಸ್ತಿ, ಅಚ್ಚಾಗಿದ್ದು 1268 ಪ್ರತಿ, ಬೆಲೆ 5 ಡಾಲರ್. ಅಷ್ಟು ಖಾಲಿಯಾಗಲು ವರ್ಷಗಳೇ ಹಿಡಿದವು. ಆದರೂ ಬಿಡಲಿಲ್ಲ. 1947ರಲ್ಲಿ ಅಮೆರಿಕದ ಕಥೆಗಾರ ರೇ ಬ್ರಾಡ್ಬರಿಯ ಮೊದಲ ಪುಸ್ತಕ ತಂದವರೂ ಇವರೇ. ತೀರಿಹೋದ ಗೆಳೆಯನ ಬರಹ ಕಳೆದುಹೋಗಬಾರದು ಅಂತ ಇಷ್ಟು ಮಾಡಿದರಲ್ಲ, ನನಗೆ ಅದೇ ದೊಡ್ಡದು.

ಮನೆಯ ಅಟ್ಟದಲ್ಲಿ ಹಳೇ ಕನ್ನಡ ದೆವ್ವದ ಕಥೆ, ಪತ್ತೇದಾರಿ ಪುಸ್ತಕ ಇದ್ದರೆ ದಯವಿಟ್ಟು ತನ್ನಿ. ರಟ್ಟು ಹರಿದಿದ್ದರೂ, ಅಂಚು ಗೆದ್ದಲು ತಿಂದಿದ್ದರೂ ಪರವಾಗಿಲ್ಲ. ಯಾರು ಅಚ್ಚು ಹಾಕಿದರು, ಯಾವ ಊರು, ಯಾವ ವರ್ಷ ಅಂತ ಒಳಪುಟ ನೋಡಿ ಬರೆದಿಟ್ಟುಕೊಳ್ಳೋಣ. ಮಳೆಗಾಲ ಅಲ್ವಾ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತನ್ನಿ.

ಸಕಲೇಶಪುರ, ಬೇಲೂರಿನಿಂದ ಬರುವವರಿಗೆ ಬಸ್ಸು ತಪ್ಪದ ಹಾಗೆ 6ಕ್ಕೆ ಮುಗಿಸುತ್ತೇವೆ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಕಾಫಿ ಫ್ಲಾಸ್ಕ್ ತರಲು ಇಬ್ಬರು ಬೇಕು, ಯಾರು ತರ್ತೀರಿ?