ಮುಳುಗಿದ ಊರಿನ ದನಿ

ಸಾಗರ
ಭಾನುವಾರ ಸಂಜೆ

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು.

ದೀಪಾವಳಿಗೆ ಬಂದಾಗ ಅಜ್ಜಿಯ ನೆನಪುಗಳನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತೇನೆ ಎಂದು ಬರೆದಿದ್ದೀಯಲ್ಲ, ಓದಿ ಎಷ್ಟು ಸಂತೋಷವಾಯಿತೆಂದರೆ ಪತ್ರವನ್ನು ನನ್ನ ಅಮ್ಮನಿಗೂ, ಅಂದರೆ ನಿನ್ನ ಅಜ್ಜಿಗೂ, ಓದಿ ಹೇಳಿದೆ. ಆದರೆ ದೀಪಾವಳಿಯವರೆಗೆ ಕಾಯಬೇಡ. ಅಮ್ಮನಿಗೆ ಈಗ ನಿನ್ನೆ ಉಂಡದ್ದು ಇಂದು ಮರೆಯುತ್ತಿದೆ. 1964ಕ್ಕೆ ಮೊದಲಿನದು ಇನ್ನೂ ಗಟ್ಟಿಯಾಗಿದೆ, ಎಷ್ಟು ದಿನ ಹಾಗಿರುತ್ತದೋ ಹೇಳಲಾರೆ. ಮುಂದಿನ ಶುಕ್ರವಾರವೇ ರಾತ್ರಿ ಬಸ್ಸಿಗೆ ಹೊರಡು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿದಾಗ ಅವಳಿಗೆ ಇಪ್ಪತ್ತೆರಡು. ಶರಾವತಿ ಕಣಿವೆಯ ಎಷ್ಟೋ ಊರುಗಳ ಜೊತೆ ನಮ್ಮದೂ ಮುಳುಗಿತು. 1948ರಲ್ಲಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಡಿ ಹೋಯಿತೆಂದ ಮೇಲೆ ಮನೆ ಗದ್ದೆಗಳ ಮಾತೇನು! ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಆ ಹಳೆಯ ಕಟ್ಟೆ ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ. ನಮ್ಮ ಮನೆಯನ್ನು ನೋಡಬೇಕೆಂದರೆ ಅಮ್ಮನನ್ನೇ ಕೇಳಬೇಕು.

ಅಪ್ಪಯ್ಯನ ಮಾತನ್ನು ನಾನು 1989ರಲ್ಲಿ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ. ತೊಂಬತ್ತು ನಿಮಿಷದ ಕ್ಯಾಸೆಟ್, ಎರಡೂ ಬದಿ ಭರ್ತಿ. ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೆಲಸ ಮುಗಿಯಿತೆಂದುಕೊಂಡೆ. ಹದಿನೈದು ಮಳೆಗಾಲ ಕಳೆದು ತೆಗೆದಾಗ ಟೇಪಿನ ಮೇಲೆ ಬೆಳ್ಳಗೆ ಬೂಷ್ಟು ಕೂತಿತ್ತು. ಒರೆಸಿ, ಒಣಗಿಸಿ, ಅಂಗಡಿಯಲ್ಲಿ ಸಿಡಿಗೆ ಇಳಿಸಿಕೊಂಡು ಬಂದೆ. ಕೆಲವೇ ವರ್ಷಗಳಲ್ಲಿ ಆ ಸಿಡಿಯೂ ಓಡದಾಯಿತು. ಅದರಿಂದ ಕಂಪ್ಯೂಟರಿಗೆ ಹಾಕಿಕೊಂಡಿದ್ದ ಒಂದು ತುಣುಕು ಮಾತ್ರ ಈಗ ಇದೆ, ಹನ್ನೊಂದು ನಿಮಿಷದ್ದು. ಅದರಲ್ಲಿ ಅಪ್ಪಯ್ಯ ಗದ್ದೆಗಳ ಹೆಸರು ಎಣಿಸುತ್ತಾರೆ. ಮತ್ತಿಮರದ ಗದ್ದೆ, ಹೊಂಡದ ಗದ್ದೆ, ಬಾವಿಗದ್ದೆ... ಏಳನೆಯದಕ್ಕೆ ಬರುವಾಗ ಒಳಗಿನಿಂದ ಕೇಳುತ್ತಿದ್ದ ಒರಳುಕಲ್ಲಿನ ಸದ್ದು ನಿಲ್ಲುತ್ತದೆ. ‘ಅದಲ್ಲ, ಅದಕ್ಕೂ ಮೊದಲು ಕೆಳಗಿನ ಗದ್ದೆ’ ಎಂದು ಅಮ್ಮನ ದನಿ. ಅಪ್ಪಯ್ಯ ಒಂದು ಗಳಿಗೆ ಸುಮ್ಮನಿದ್ದು, ‘ಹೌದು ಹೌದು’ ಎನ್ನುತ್ತಾರೆ. ಅಲ್ಲಿಗೆ ತುಂಡಾಗುತ್ತದೆ. ಉಳಿದ ಎಪ್ಪತ್ತೊಂಬತ್ತು ನಿಮಿಷ ಹೋಯಿತು. ನನ್ನ ಅಸಡ್ಡೆಯಿಂದ ಹೋಯಿತು, ನಿನ್ನ ಹತ್ತಿರ ಮುಚ್ಚಿಡುವುದೇನು.

ಹಾಗಾಗಿ ಮೊದಲು ಪ್ರತಿಗಳ ಮಾತು. ಹಳೆಯ ಗರಿ ಹುಳು ಹಿಡಿಯುವ ಮುಂಚೆ ಯಾರೋ ಕುಳಿತು ಹೊಸ ಗರಿಗೆ ಪ್ರತಿ ಎತ್ತುತ್ತ ಬಂದದ್ದರಿಂದ ತಾಳೆಗರಿಯ ಗ್ರಂಥಗಳು ನಮ್ಮ ತನಕ ಬಂದವು. ಹಾರ್ಡ್ ಡಿಸ್ಕಿನ ಹಣೆಬರಹವೂ ಅಷ್ಟೇ, ಅದು ಇಂದಲ್ಲ ನಾಳೆ ಕೆಡುವ ವಸ್ತು. ಮೂರು ಪ್ರತಿ ಮಾಡು. ಒಂದು ನಿನ್ನ ಲ್ಯಾಪ್‌ಟಾಪಿನಲ್ಲಿ, ಒಂದು ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿ, ನನ್ನ ಹತ್ತಿರವೇ ಇರಲಿ. ಕ್ಲೌಡ್‌ನಲ್ಲಿದೆ ಎಂದು ನಿಶ್ಚಿಂತಳಾಗಬೇಡ. ಹಣ ಕಟ್ಟುವುದು ನಿಂತರೆ, ಪಾಸ್‌ವರ್ಡ್ ಗೊತ್ತಿದ್ದವರು ಇಲ್ಲವಾದರೆ, ಅದು ಇದ್ದೂ ಇಲ್ಲದ ಹಾಗೆ. ಪೆನ್ ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಕಾಪಿಡಲು ನಂಬಬೇಡ. ಮಹಾಲಯ ಅಮಾವಾಸ್ಯೆಯ ದಿನ ಹೇಗೂ ಹಿರಿಯರಿಗೆ ಎಡೆ ಇಡುತ್ತೇವೆ. ಪ್ರತಿವರ್ಷ ಅಂದೇ ಮೂರನ್ನೂ ತೆರೆದು ಕೇಳಿ ನೋಡು, ಕೆಟ್ಟದ್ದಕ್ಕೆ ಬದಲಿ ಮಾಡು.

ಪ್ರತಿಯೊಂದು ಧ್ವನಿಮುದ್ರಣದ ಹೆಸರಿನಲ್ಲೇ ದಿನಾಂಕ, ಮಾತಾಡಿದವರು, ಊರು ಇರಬೇಕು. ನಮ್ಮ ಜಗಲಿಯ ಗೋಡೆಯ ಫೋಟೊದಲ್ಲಿ ಒಂಬತ್ತು ಜನ ಕೂತಿದ್ದಾರಲ್ಲ, ಅವರಲ್ಲಿ ನಾಲ್ವರು ಯಾರೆಂದು ಈಗ ಅಮ್ಮನಿಗೂ ತಿಳಿಯದು. ಫೋಟೊದ ಬೆನ್ನಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಮುದ್ರಿಸುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಅವಳಿಂದ ಒಂದು ಮೊಳ ದೂರದಲ್ಲಿಡು. ಫ್ಯಾನ್ ಆರಿಸು. ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಕಡತದ ರೂಪದಲ್ಲಿ ಗಂಟೆಗೆ 600 ಎಂಬಿಯಷ್ಟು ಜಾಗ ಹಿಡಿಯಬಹುದು, ಹಿಡಿಯಲಿ. ‘ನಿಮ್ಮ ಬಾಲ್ಯ ಹೇಗಿತ್ತು’ ಎಂದು ಕೇಳಿದರೆ ಅವಳು ‘ಏನೋ ಇತ್ತು’ ಎಂದು ಸುಮ್ಮನಾಗುತ್ತಾಳೆ. ಬಚ್ಚಲಿನ ಹಂಡೆ ಯಾವ ದಿಕ್ಕಿಗಿತ್ತು ಎಂದು ಕೇಳು. ಕಳೆದ ವಾರ ನಾನು ಬಾವಿ ಎಲ್ಲಿತ್ತೆಂದು ಕೇಳಿದೆ. ಬಾಯಿ ತೆರೆಯುವ ಮೊದಲೇ ಅವಳ ಕೈ ಎಡಕ್ಕೆ, ಸ್ವಲ್ಪ ಕೆಳಕ್ಕೆ ಹೋಯಿತು, ಅರವತ್ತು ವರ್ಷದ ಹಿಂದಿನ ಮೆಟ್ಟಿಲು ಇಳಿಯುತ್ತಿರುವ ಹಾಗೆ. ಅದನ್ನು ಕಂಡ ಮೇಲೆ ವೀಡಿಯೊ ಕೂಡ ಬೇಕು ಅನ್ನಿಸಿದೆ. ದೊಡ್ಡ ಕಾಗದ, ಪೆನ್ಸಿಲ್ ತಾ. ಮನೆಯ ನಕ್ಷೆಯನ್ನು ಅವಳು ಹೇಳಿದಂತೆ ಬರೆಯುತ್ತ ಹೋಗು.

ಊರು ಬಿಟ್ಟ ದಿನದ್ದನ್ನು ಒಮ್ಮೊಮ್ಮೆ ಒಂದೊಂದು ಥರ ಹೇಳುತ್ತಾಳೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ್ದೀಯ. ಎರಡನ್ನೂ ಇಟ್ಟುಕೋ. ಹೆಬ್ಬಾಗಿಲಿನ ದಾರಂದವನ್ನು ಒಮ್ಮೆ ಎತ್ತಿನ ಗಾಡಿಯಲ್ಲಿ ತಂದರು, ಇನ್ನೊಮ್ಮೆ ಲಾರಿಯಲ್ಲಿ. ನಡುವೆ ಬಾಯಿ ಹಾಕಿ ತಿದ್ದಬೇಡ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ, ಕೇಳಿದ ಕಥೆಯನ್ನು ಮತ್ತೆ ಮತ್ತೆ ನೆನೆದು ಹೇಳುವಾಗ ಜನ ಅದನ್ನು ತಮಗೆ ಒಗ್ಗುವಂತೆ ಹೊಸದಾಗಿ ಕಟ್ಟಿಕೊಳ್ಳುತ್ತಾರೆ ಎಂದು. ಅವಳು ಯಾವಾಗ ಏನು ಹೇಳಿದಳು ಎಂಬುದನ್ನು ದಿನಾಂಕ ಹಾಕಿ ಇಡುವುದಷ್ಟೇ ನಿನ್ನ ಕೆಲಸ. ಹೊಸ ಜಾಗಕ್ಕೆ ಬಂದ ಮೊದಲ ಮಳೆಗಾಲದ ಮಾತು ಬಂದಾಗ ಕೈ ಅಡ್ಡ ಹಿಡಿಯುತ್ತಾಳೆ. ಆಗ ಫೋನ್ ಆಫ್ ಮಾಡು, ಕಾರಣ ಕೇಳಬೇಡ. ಅವಳ ಎಲ್ಲ ನೋವೂ ನಮ್ಮ ಸಂಗ್ರಹಕ್ಕೆ ಸೇರಬೇಕಾಗಿಲ್ಲ.

ಅವಳ ದನಿಯನ್ನು ಕಲಿತು, ನಾಳೆ ಅವಳಿಲ್ಲದಾಗಲೂ ಅವಳಂತೆಯೇ ಉತ್ತರ ಕೊಡುವ ತಂತ್ರಾಂಶವಿದೆ ಎಂದಿದ್ದೀಯ. ಅದು ಬೇಡ ಮಗಳೇ. ಅವಳು ಆಡದ ಮಾತನ್ನು ಅವಳದೇ ದನಿಯಲ್ಲಿ ಆಡಿಸಿದರೆ, ನಿನ್ನ ಮಕ್ಕಳಿಗೆ ಯಾವುದು ಅಜ್ಜಿಯ ಮಾತು, ಯಾವುದು ಯಂತ್ರದ್ದು ಎಂದು ಹೇಗೆ ಗೊತ್ತಾಗಬೇಕು? ‘ಅದಲ್ಲ’ ಎಂದು ಒಳಗಿನಿಂದ ತಿದ್ದಲು ಆಗ ಅವಳು ಇರುವುದಿಲ್ಲ.

ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅವಳ ಮನಸ್ಸು ತಿಳಿಯಾಗಿರುತ್ತದೆ, ಊಟದ ನಂತರ ದಣಿಯುತ್ತಾಳೆ. ದಿನಕ್ಕೆ ಒಂದೇ ಗಂಟೆ ಸಾಕು. ಹಳೆಯ ಮನೆಯಿಂದ ಬಂದ ಹಿತ್ತಾಳೆಯ ಚೆಂಬನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದೇನೆ, ಮಾತಾಡುವಾಗ ಅವಳ ಕೈಗೆ ಕೊಡು. ಹಿನ್ನೀರು ದಾಟಲು ಅಂಬಾರಗೋಡ್ಲಿನಲ್ಲಿ ಕಟ್ಟಿದ ಸೇತುವೆ 2025ರಲ್ಲಿ ತೆರೆದದ್ದು, ಎಷ್ಟು ಸಲ ಹೇಳಿದರೂ ಅವಳ ನೆನಪಿನಲ್ಲಿ ನಿಲ್ಲುವುದಿಲ್ಲ. ನಿನ್ನೆ ಸಂಜೆ ಜಗಲಿಯಲ್ಲಿ ಕೂತವಳು, ‘ದೋಣಿ ಈಚೆ ದಡಕ್ಕೆ ಬಂತೇನೋ, ಕತ್ತಲಾಗುತ್ತಿದೆ’ ಎಂದು ಕೇಳಿದಳು. ದಿನಾಂಕ, ಹೊತ್ತು ಎರಡನ್ನೂ ಹಾಕಿ ಬರೆದಿಟ್ಟಿದ್ದೇನೆ.

ಇಂತಿ ನಿನ್ನ
ಮಾವ