ಶನಿವಾರ ಸಂಜೆ ಅಳೆಯಿರಿ, ಸೋಮವಾರ ಬೆಳಿಗ್ಗೆ ನೋಡಿ

ಮಾನ್ಯರೇ,

ಬೇಸಿಗೆ ಬಂತೆಂದರೆ ಮೈಸೂರಿನ ಕಂಪನಿ ಕಚೇರಿಗಳ ಶೌಚಾಲಯದ ಗೋಡೆಗೆ ‘ನೀರನ್ನು ಮಿತವಾಗಿ ಬಳಸಿ’ ಎಂಬ ಚೀಟಿ ಅಂಟುತ್ತದೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯ ಕಟ್ಟಡಗಳ ನೀರಿನ ಉಸ್ತುವಾರಿ ನೋಡುವ ನಮಗೆ ಆ ಚೀಟಿಯ ಮೇಲೆ ಅಂಥ ನಂಬಿಕೆಯಿಲ್ಲ. ಕೈ ತೊಳೆದವರು ನಲ್ಲಿ ನಿಲ್ಲಿಸಿಯೇ ಹೋಗುತ್ತಾರೆ. ಕಚೇರಿಗೆ ಬೀಗ ಬಿದ್ದ ಮೇಲೆ ಹರಿಯುವ ನೀರನ್ನು ಕೇಳುವವರಿಲ್ಲ.

ಅದನ್ನು ಪತ್ತೆ ಹಚ್ಚಲು ಸಂಪಿನ ಮುಂದಿರುವ ಮೀಟರ್ ಸಾಲದು. ನೀರು ಬಿಟ್ಟ ದಿನ ಸಂಪಿಗೆ ಎಷ್ಟು ಬಿತ್ತು ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಅಳೆಯಬೇಕಾದ್ದು ಟೆರೇಸಿನ ಟ್ಯಾಂಕಿನಲ್ಲಿ. ಶನಿವಾರ ಸಂಜೆ 6ಕ್ಕೆ ಟ್ಯಾಂಕ್ ತುಂಬಿಸಿ, ಒಂದು ಕೋಲು ಇಳಿಬಿಟ್ಟು ಮಟ್ಟ ಗುರುತು ಮಾಡಿಕೊಳ್ಳಬೇಕು. ಪಂಪಿನ ಕಂಟ್ರೋಲರನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸುವುದು ಮರೆತರೆ ಇಳಿದ ನೀರನ್ನು ಅದೇ ತುಂಬಿಸಿ ಲೆಕ್ಕ ಕೆಡಿಸುತ್ತದೆ. ಸೋಮವಾರ ಬೆಳಿಗ್ಗೆ 8ಕ್ಕೆ ಮತ್ತೆ ಅಳತೆ. ಟ್ಯಾಂಕಿನ ಒಳಗು 2 ಮೀಟರ್ ಉದ್ದ, 2 ಮೀಟರ್ ಅಗಲವಿದ್ದರೆ 1 ಸೆಂ.ಮೀ. ಇಳಿತಕ್ಕೆ 40 ಲೀಟರ್. 15 ಸೆಂ.ಮೀ. ಇಳಿದಿದ್ದರೆ 600 ಲೀಟರ್. ಸೆಕ್ಯೂರಿಟಿಯವರ ಬಳಕೆಗೆ ಧಾರಾಳವಾಗಿ 100 ಕಳೆದರೂ ಇನ್ನು 500 ಲೀಟರಿಗೆ ಲೆಕ್ಕ ಸಿಗಬೇಕು.

ಹೆಚ್ಚಾಗಿ ಅದು ಸಿಗುವುದು ಕಮೋಡಿನಲ್ಲಿ. ಬೋರ್‌ವೆಲ್ ನೀರು ಬೆರೆಯುವ ಕಟ್ಟಡಗಳಲ್ಲಿ ಫ್ಲಶ್ ಟ್ಯಾಂಕಿನ ತಳದ ರಬ್ಬರ್ ವಾಷರ್ ಕೂರುವ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದೆ. ವಾಷರ್ ಬಿಗಿಯಾಗಿ ಕೂರದೆ, ನೀರು ಎಳೆಯಾಗಿ ಬೇಸಿನ್ನಿನ ಗೋಡೆಗೆ ಅಂಟಿಕೊಂಡೇ ಇಳಿಯುತ್ತದೆ. ಸದ್ದೂ ಇಲ್ಲ, ಅಲುಗಾಟವೂ ಇಲ್ಲ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ಸೋರಿದರೂ ದಿನಕ್ಕೆ 288 ಲೀಟರ್. ಫ್ಲಶ್ ಟ್ಯಾಂಕಿಗೆ ಚಿಟಿಕೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಾಗಿಲು ಮುಚ್ಚಿಡಿ. ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಕಂಡರೆ ವಾಷರ್ ಹೋಗಿದೆ. ಹೊಸದು ಹಾಕುವಾಗ ಅಂಚಿನ ಸುಣ್ಣವನ್ನು ಉಜ್ಜಿ ತೆಗೆಯದಿದ್ದರೆ ಪ್ಲಂಬರ್ ಮತ್ತೆ ಬರಬೇಕಾಗುತ್ತದೆ. ಟೈಮರ್ ಇಟ್ಟ ಯೂರಿನಲ್‌ಗಳದ್ದೂ ಇದೇ ಪಾಡು: 15 ನಿಮಿಷಕ್ಕೊಮ್ಮೆ 4 ಲೀಟರ್ ಬಿಟ್ಟರೆ ಭಾನುವಾರವೊಂದರಲ್ಲೇ 384 ಲೀಟರ್ ಚರಂಡಿಗೆ.

ಇನ್ನು ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸಲು ನಲ್ಲಿಯ ಮೂತಿಗೆ ಹಾಕುವ ಜಾಲರಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದ ಮೇಲೆ ಇಲ್ಲಿಯೂ ಅನೇಕರು ತಂದು ಹಾಕಿಸಿದರು. ಕೆಲವು ತಿಂಗಳಲ್ಲಿ ಅರ್ಧಕ್ಕರ್ಧ ಬಿಚ್ಚಿಹೋದವು. ತಪ್ಪು ಬಿಚ್ಚಿದವರದಲ್ಲ. ನಾಲ್ಕು ಮಹಡಿಯ ಕಟ್ಟಡದಲ್ಲಿ ನೆಲಮಹಡಿಯ ನಲ್ಲಿಗೆ ಟ್ಯಾಂಕಿನಿಂದ 14–15 ಮೀಟರ್ ಎತ್ತರದ ನೀರಿನ ಒತ್ತಡ ಸಿಗುತ್ತದೆ, ಮೇಲಿನ ಮಹಡಿಗೆ 4 ಮೀಟರ್ ಸಿಕ್ಕರೆ ಹೆಚ್ಚು. ಎಲ್ಲ ಕಡೆಗೂ ನಿಮಿಷಕ್ಕೆ 3 ಲೀಟರಿನದೇ ಹಾಕಿದರೆ ಮೇಲೆ ನೀರು ತೊಟ್ಟಿಕ್ಕುತ್ತದೆ, ಸೋಪು ಹೋಗುವುದಿಲ್ಲ. ಕೆಳಗಿನ ಮಹಡಿಗಳಿಗೆ 3 ಲೀಟರಿನದು, ಮೇಲಿನದಕ್ಕೆ 6 ಲೀಟರಿನದು ಇರಲಿ. ಕೊಳ್ಳುವ ಮುನ್ನ ನಲ್ಲಿಯ ಮೂತಿ ನೋಡಿ: ಥ್ರೆಡ್ ಒಳಗಿದ್ದರೆ ಸಾಮಾನ್ಯವಾಗಿ 24 ಮಿ.ಮೀ., ಹೊರಗಿದ್ದರೆ 22. ಸಂಪ್ ತೊಳೆಸಿದ ವಾರ ಜಾಲರಿಯಲ್ಲಿ ಮರಳು ಕೂರುವುದು ಖಂಡಿತ. ಬಿಚ್ಚಿ ನಿಂಬೆಹುಳಿ ನೀರಿನಲ್ಲಿ ನೆನೆಸಿದರೆ ಸುಣ್ಣವೂ ಬಿಡುತ್ತದೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ಕಚೇರಿಗೆ ತಲೆಗೆ ದಿನಕ್ಕೆ 45 ಲೀಟರ್ ಇಟ್ಟಿದೆ, ಅದರಲ್ಲಿ 20 ಫ್ಲಶ್ಶಿಗೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇರುವ ಕಡೆ ಈ 20 ಲೀಟರ್ ಶುದ್ಧೀಕರಿಸಿದ ನೀರಿನಿಂದಲೇ ಬರಬೇಕು. ನಡೆಯುವುದೇ ಬೇರೆ. ಆ ಘಟಕಕ್ಕೆ ಗಾಳಿ ಊದುವ ಬ್ಲೋವರ್ ಕೆಟ್ಟ ದಿನ ವಾಸನೆಯ ದೂರು ಬಾರದಿರಲೆಂದು ಫ್ಲಶ್ ಲೈನಿಗೆ ಒಳ್ಳೆಯ ನೀರು ಬಿಡುವ ಬೈಪಾಸ್ ವಾಲ್ವ್ ತೆರೆಯುತ್ತಾರೆ. ಬ್ಲೋವರ್ ರಿಪೇರಿಯಾಗುತ್ತದೆ, ವಾಲ್ವ್ ತೆರೆದೇ ಇರುತ್ತದೆ. ಫ್ಲಶ್ಶಿಗೆ ಕಾವೇರಿ, ಚರಂಡಿಗೆ ಎಸ್‌ಟಿಪಿ ನೀರು! ಆ ಬೈಪಾಸಿಗೊಂದು ಚಿಕ್ಕ ಮೀಟರ್ ಕೂರಿಸಿ, ದಿನವೂ ರೀಡಿಂಗ್ ಬರೆದಿಟ್ಟರೆ ಮರೆವು ಮಾರನೆಯ ದಿನವೇ ಬಯಲಾಗುತ್ತದೆ.

ಹೊಸ ಕಚೇರಿ ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮುನ್ನ ಎರಡು ಮೀಟರ್‌ಗಳನ್ನು ನಗರ ಪಾಲಿಕೆ ಕಡ್ಡಾಯ ಮಾಡಲಿ: ಟೆರೇಸ್ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಒಂದು, ಎಸ್‌ಟಿಪಿ ಬೈಪಾಸಿಗೆ ಇನ್ನೊಂದು.

– ಕಚೇರಿ ಕಟ್ಟಡಗಳ ನಿರ್ವಹಣಾ ಸಿಬ್ಬಂದಿ, ಹೂಟಗಳ್ಳಿ, ಮೈಸೂರು